ಹಾನ್ಲೆಗೆ ಹೊರಡುವ ಮುನ್ನ

ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೊರಟರೆ, ಇಂದಿರಾನಗರದ ಅಂಚನ್ನೂ ಕೃಷ್ಣರಾಜಪುರವನ್ನೂ ದಾಟಿ ಹೊಸಕೋಟೆಯನ್ನು ಸೇರುತ್ತೇವೆ. ಅಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಲ್ಲಿ ಕುಳಿತೇ ವಿಜ್ಞಾನಿಗಳು ಲಡಾಖಿನ ಹಾನ್ಲೆಯ ೨ ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ೨೦೦೦ದಲ್ಲಿ ಮೊದಲು ನಕ್ಷತ್ರಗಳ ಬೆಳಕನ್ನು ಕಂಡ ಈ ಯಂತ್ರವಿರುವುದು ಸುಮಾರು ೪,೫೦೦ ಮೀಟರ್ ಎತ್ತರದ ಬೆಟ್ಟದ ಮೇಲೆ. ಅಲ್ಲಿಯ ಸುದ್ದಿ ಹೊಸಕೋಟೆಗೆ ಕ್ಷಣಮಾತ್ರದಲ್ಲಿ ಬರುತ್ತದೆ. ಮನುಷ್ಯನ ದೇಹ ಅಲ್ಲಿಗೆ ಏರಬೇಕಾದರೆ ದಿನಗಳೇ ಬೇಕು.

ಹಲಸೂರಿನ ಕೆಲವು ವಿದ್ಯಾರ್ಥಿಗಳು ಈಚೆಗೆ ನಮಗೆ ತೋರಿಸಿದ ಪ್ರವಾಸದ ಪಟ್ಟಿಯಲ್ಲಿ ಆ ದಿನಗಳಿರಲಿಲ್ಲ. ಮೊದಲನೆಯ ದಿನ ವಿಮಾನದಲ್ಲಿ ಲೇಹ್. ಎರಡನೆಯ ದಿನ ಸುಮಾರು ೫,೩೫೦ ಮೀಟರ್ ಎತ್ತರದ ಖಾರ್ದುಂಗ್ ಲಾ ಘಾಟಿ. ಮೂರನೆಯ ದಿನ ಹಾನ್ಲೆ. ದೂರದ ಲೆಕ್ಕ ಸರಿಯಾಗಿಯೇ ಇತ್ತು. ಎತ್ತರದ ಲೆಕ್ಕವನ್ನು ಅವರು ಹಾಕಿರಲಿಲ್ಲ.

ಗಾಳಿಗೂ ತೂಕವುಂಟಷ್ಟೆ. ಮೇಲಕ್ಕೆ ಹೋದಂತೆ ತಲೆಯ ಮೇಲಿನ ಗಾಳಿ ಕಡಮೆಯಾಗಿ ಒತ್ತಡವೂ ತಗ್ಗುತ್ತದೆ. ಸಮುದ್ರತೀರದ ಒತ್ತಡವನ್ನು ೧೦೦ ಎಂದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಅದು ಸುಮಾರು ೯೦, ೩,೫೦೦ ಮೀಟರ್ ಎತ್ತರದ ಲೇಹ್‌ನಲ್ಲಿ ೬೫, ಹಾನ್ಲೆಯ ಬೆಟ್ಟದಲ್ಲಿ ೫೭. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಐದರಲ್ಲೊಂದೇ. ಆದರೆ ಒಂದೊಂದು ಉಸಿರಿನಲ್ಲಿ ನಮಗೆ ದೊರೆಯುವ ಮೊತ್ತ ಒತ್ತಡದೊಡನೆ ಇಳಿಯುತ್ತದೆ. ಒಲೆಯ ಮೇಲಿನ ನೀರೇ ಇದಕ್ಕೆ ಸಾಕ್ಷಿ. ಬೆಂಗಳೂರಿನಲ್ಲಿ ಅದು ಸುಮಾರು ೯೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ, ಲೇಹ್‌ನಲ್ಲಿ ೮೮ರಲ್ಲಿಯೂ ಹಾನ್ಲೆಯ ಬೆಟ್ಟದಲ್ಲಿ ೮೫ರಲ್ಲಿಯೂ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಸುಲಭವಾಗಿ ಬೇಯದು. ಬೇಳೆಗೆ ಪ್ರೆಷರ್ ಕುಕ್ಕರ್ ಉಂಟು; ನಮ್ಮ ಶ್ವಾಸಕೋಶಕ್ಕೆ ಕಾಲವೊಂದೇ ಉಪಾಯ. ಕೆಲವು ದಿನಗಳಲ್ಲಿ ಉಸಿರಾಟ ತಾನಾಗಿ ಆಳವಾಗುತ್ತದೆ. ವಾರಗಳು ಕಳೆದಂತೆ ರಕ್ತದ ಕೆಂಪು ಕಣಗಳೂ ಹೆಚ್ಚುತ್ತವೆ.

ಈ ನಾಡು ಪರ್ವತವಾಗಿರುವಂತೆ ಮರುಭೂಮಿಯೂ ಆಗಿದೆ. ಸಹ್ಯಾದ್ರಿಯು ಮಳೆಮೋಡಗಳನ್ನು ತಡೆದು ಚಿತ್ರದುರ್ಗದ ಸೀಮೆಯನ್ನು ಒಣಗಿಸಿರುವಂತೆ ಹಿಮಾಲಯವು ಲಡಾಖನ್ನು ಒಣಗಿಸಿದೆ. ಲೇಹ್‌ನ ವಾರ್ಷಿಕ ಮಳೆ ಸುಮಾರು ೧೦ ಸೆಂಟಿಮೀಟರ್ ಮಾತ್ರ. ಗಾಳಿಯಲ್ಲಿ ನೀರಾವಿ ವಿರಳವಾದುದರಿಂದಲೇ ದೂರದರ್ಶಕಕ್ಕೆ ಆಕಾಶ ನಿರ್ಮಲವಾಗಿ ಕಾಣುತ್ತದೆ. ಅದರಿಂದಲೇ ನೆಲದ ಶಾಖವು ರಾತ್ರಿ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ಹಗಲು ಸುಡುವ ಬಿಸಿಲಿದ್ದರೂ ಉಣ್ಣೆಯ ಉಡುಪು ಅವಶ್ಯ. ಒಣಗಾಳಿ ಉಸಿರಿನೊಡನೆ ದೇಹದ ನೀರನ್ನೂ ಒಯ್ಯುವುದರಿಂದ ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು.

ಹಾಗಾದರೆ ಪಟ್ಟಿ ಹೇಗಿರಬೇಕು? ೩,೦೦೦ ಮೀಟರಿನ ಮೇಲೆ, ರಾತ್ರಿ ಮಲಗುವ ಸ್ಥಳವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ದಂಡಿನ ರೈಲು ನಿಲ್ದಾಣದಿಂದ ಹೊರಟವರು ಶ್ರೀನಗರದ ಮಾರ್ಗವನ್ನು ಹಿಡಿಯುವುದು ಮೇಲು. ೧,೬೦೦ ಮೀಟರಿನ ಶ್ರೀನಗರದಿಂದ ೨,೭೦೦ ಮೀಟರಿನ ಕಾರ್ಗಿಲ್, ಅಲ್ಲಿ ಒಂದೆರಡು ರಾತ್ರಿ ತಂಗಿ ಲೇಹ್, ಹೀಗೆ ಮೆಟ್ಟಿಲುಗಳಿವೆ. ವಿಮಾನದಲ್ಲಿ ಬಂದವರು ಮೊದಲ ಎರಡು ದಿನ ಲೇಹ್‌ನಲ್ಲಿ ಸುಮ್ಮನೆ ವಿಶ್ರಮಿಸಿ, ಮತ್ತೆರಡು ದಿನ ಅಲ್ಲಿಯೇ ತಿರುಗಾಡಲಿ. ಬಳಿಕ ಸಿಂಧೂನದಿಯ ದಂಡೆಯಲ್ಲಿ, ಸುಮಾರು ೪,೦೦೦ ಮೀಟರ್ ಎತ್ತರದ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ಕಳೆದು ಹಾನ್ಲೆಗೆ ಹೋಗಬಹುದು.

ಹಲಸೂರು ಕೆರೆಯ ಸುತ್ತ ದಿನವೂ ಓಡಿದರೆ ಸಾಲದೆ, ಎಂದು ವಿದ್ಯಾರ್ಥಿಗಳು ಕೇಳಿದರು. ಕಾಲುಗಳಿಗೆ ಅದು ಒಳ್ಳೆಯದು. ಆದರೆ ಎತ್ತರದ ಬೇನೆ ಬಲಶಾಲಿಯೆಂದು ಯಾರನ್ನೂ ಬಿಡುವುದಿಲ್ಲ. ಅಂಥವರು ಬೇಗ ಬೇಗ ಏರುವುದರಿಂದ ಅವರಿಗೇ ಅಪಾಯ ಹೆಚ್ಚು. ತಲೆನೋವು, ಓಕರಿಕೆ ಬಂದರೆ ಮುಂದಕ್ಕೆ ಏರಬಾರದು. ಕುಳಿತಲ್ಲಿಯೇ ಏದುಸಿರು ಬಂದರೆ, ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಅಥವಾ ಮಿದುಳು ಊದುತ್ತಿದೆ ಎಂದೇ ತಿಳಿಯಬೇಕು. ಬೆಳಗಾಗಲೆಂದು ಕಾಯದೆ ಕೂಡಲೇ ಕೆಳಗಿಳಿಸಿ ವೈದ್ಯರಲ್ಲಿಗೆ ಒಯ್ಯಬೇಕು; ತಡಮಾಡಿದರೆ ಪ್ರಾಣಕ್ಕೇ ಸಂಚಕಾರ.

ವಿದ್ಯಾರ್ಥಿಗಳ ಪಟ್ಟಿಯಲ್ಲಿ ಮೂರು ದಿನಗಳಿದ್ದ ಜಾಗದಲ್ಲಿ ಈಗ ಆರು ದಿನಗಳಿವೆ; ಖಾರ್ದುಂಗ್ ಲಾ ಬಿಟ್ಟುಹೋಗಿದೆ. ಅಷ್ಟು ಬಿಡುವಿಲ್ಲದವರು ಲೇಹ್‌ನಿಂದಲೇ ಹಿಂತಿರುಗುವುದು ಲೇಸು. ಹಾನ್ಲೆಯ ನಕ್ಷತ್ರಗಳು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ.