ಹೊಟ್ಟೆಯೊಳಗಿನ ಗೆಡ್ಡೆಯೂ ಸಿ.ಟಿ. ಪರೀಕ್ಷೆಯೂ

‘ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಆಯಿತು, ಏನೂ ಇಲ್ಲವಂತೆ’ ಎಂಬ ಮಾತು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಈಗ ಹೊಸತಲ್ಲ. ಬಹಳ ಸಲ ಆ ಮಾತು ನಿಜವೇ ಆಗಿರುತ್ತದೆ. ಕೆಲವು ಸಲ ಮಾತ್ರ ಆ ಸಮಾಧಾನವೇ ಮುಳುವಾಗುತ್ತದೆ. ಸ್ಕ್ಯಾನಿಂಗ್ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆ ಬೇರೆ ಪರೀಕ್ಷೆಗಳಿರುವುದೇ ಇದಕ್ಕೆ ಕಾರಣ.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮೊದಲು ಮಾಡುವುದು ಅಲ್ಟ್ರಾಸೌಂಡ್. ಅದು ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಮಾಡುವ ಪರೀಕ್ಷೆ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲುಗಳನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಆ ಅಲೆಗಳು ಗಾಳಿಯನ್ನು ದಾಟಿ ಹೋಗಲಾರವು. ಜಠರ ಮತ್ತು ಕರುಳುಗಳಾದರೋ ಗಾಳಿ ತುಂಬಿದ ಟೊಳ್ಳು ಅಂಗಗಳು. ಅವುಗಳ ಗೋಡೆಯಲ್ಲಿ ಎದ್ದ ಗೆಡ್ಡೆ ಅಲ್ಟ್ರಾಸೌಂಡಿನ ಕಣ್ಣಿಗೆ ತಪ್ಪಿಹೋಗಬಹುದು. ಇಲ್ಲಿ ನೆರವಿಗೆ ಬರುವುದು ಸಿ.ಟಿ.

ಈ ಯಂತ್ರದ ಹುಟ್ಟು ರೇಡಿಯೋ ಕೇಳುವವರಿಗೆ ಕುತೂಹಲ ತರುವಂಥದು. ಗ್ರಾಮಫೋನ್ ತಟ್ಟೆಗಳ ಮೇಲೆ ನಾಯಿಯ ಚಿತ್ರವನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ತಟ್ಟೆಗಳ ಒಡೆತನ ಹೊಂದಿದ್ದ ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ಕೆಲಸ ಮಾಡುತ್ತಿದ್ದರು. ಅವರು ರೂಪಿಸಿದ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಇದರ ಗಣಿತವನ್ನು ಬೇರೆಯಾಗಿ ಕಂಡುಕೊಂಡಿದ್ದ ಅಲನ್ ಕಾರ್ಮ್ಯಾಕ್ ಅವರೊಡನೆ 1979ರಲ್ಲಿ ಹೌನ್ಸ್‌ಫೀಲ್ಡರಿಗೆ ನೊಬೆಲ್ ಬಹುಮಾನ ದೊರೆಯಿತು.

ಸಾಧಾರಣ ಕ್ಷ-ಕಿರಣದ ಚಿತ್ರವು ಒಂದು ನೆರಳು. ಮುಂದಿನದು, ಹಿಂದಿನದು ಎಲ್ಲವೂ ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಇಡಿಯ ಅಡಿಕೆಯನ್ನು ಹೊರಗಿನಿಂದ ನೋಡಿದರೆ ಒಳಗಿನ ಹುಳುಕು ತಿಳಿಯುವುದಿಲ್ಲ, ಅಡಕತ್ತರಿಯಿಂದ ಹೋಳು ಮಾಡಿದರೆ ತಿಳಿಯುತ್ತದೆ. ಸಿ.ಟಿ. ಯಂತ್ರವು ಕತ್ತಿ ತಾಗಿಸದೆಯೇ ದೇಹದ ಹೋಳುಗಳನ್ನು ತೋರಿಸುತ್ತದೆ. ಕ್ಷ-ಕಿರಣದ ಕೊಳವೆ ರೋಗಿಯ ಸುತ್ತ ತಿರುಗುತ್ತದೆ. ಎಲ್ಲ ದಿಕ್ಕಿನಿಂದಲೂ ಎಷ್ಟು ಕಿರಣ ದೇಹವನ್ನು ದಾಟಿ ಬಂತೆಂಬುದನ್ನು ಅಳೆದು, ಕಂಪ್ಯೂಟರ್ ಅದನ್ನು ಚಿತ್ರವಾಗಿ ಕಟ್ಟುತ್ತದೆ. ಪ್ರತಿಯೊಂದು ಚುಕ್ಕೆಗೂ ಒಂದು ಅಂಕಿ ಉಂಟು. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕಡಿಮೆ. ಕೊಬ್ಬು, ಮಾಂಸ, ಮೂಳೆಗಳಿಗೆ ಅವುಗಳದೇ ಅಂಕಿಗಳು.

ಪರೀಕ್ಷೆಗೆ ಮೊದಲು ಕೆಲವು ಗಂಟೆ ಉಪವಾಸವಿರಬೇಕು. ಜಠರ, ಕರುಳುಗಳು ಅರಳಲೆಂದು ನೀರನ್ನೋ ಮದ್ದು ಬೆರೆಸಿದ ದ್ರವವನ್ನೋ ಕುಡಿಸುತ್ತಾರೆ. ಅಯೋಡಿನ್ ಬೆರೆತ ಮದ್ದನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಆಗ ಮೈಯೆಲ್ಲ ಬಿಸಿಯಾದಂತೆ ಆಗುವುದು ಸಹಜ, ಅಂಜಬೇಕಾಗಿಲ್ಲ. ಹಿಂದೆ ಇಂಥ ಮದ್ದು ಒಗ್ಗದಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ, ಗರ್ಭಿಣಿಯಾಗಿದ್ದರೆ, ಅದನ್ನು ಮೊದಲೇ ತಿಳಿಸಬೇಕು. ಹೊಟ್ಟೆಯ ಒಂದು ಸಿ.ಟಿ.ಯಿಂದ ತಗಲುವ ಕಿರಣ, ಪ್ರಕೃತಿಯಿಂದ ಮೂರು ನಾಲ್ಕು ವರ್ಷಗಳಲ್ಲಿ ನಮಗೆ ತಗಲುವಷ್ಟು. ಬೇಕಾದಾಗ ಹಿಂಜರಿಯುವಂತಿಲ್ಲ, ಬೇಡದಾಗ ‘ಒಮ್ಮೆ ನೋಡಿಯೇ ಬಿಡೋಣ’ ಎಂದು ಮಾಡಿಸುವಂತೆಯೂ ಇಲ್ಲ.

ಈ ಚಿತ್ರದಲ್ಲಿ ವೈದ್ಯರು ನೋಡುವುದೇನು? ಅನ್ನನಾಳ, ಜಠರ ಅಥವಾ ಕರುಳಿನ ಗೋಡೆ ಎಲ್ಲಿ ದಪ್ಪವಾಗಿದೆ, ಗೆಡ್ಡೆ ಪಕ್ಕದ ಅಂಗಕ್ಕೆ ಅಂಟಿದೆಯೇ, ಸುತ್ತಲಿನ ದುಗ್ಧರಸ ಗ್ರಂಥಿಗಳು ಊದಿವೆಯೇ, ಯಕೃತ್ತಿಗೆ ಹಬ್ಬಿದೆಯೇ, ಹೊಟ್ಟೆಯಲ್ಲಿ ನೀರು ನಿಂತಿದೆಯೇ ಎಂಬುದನ್ನು. ಶಸ್ತ್ರಕ್ರಿಯೆ ಮಾಡಬಹುದೇ, ಮೊದಲು ಔಷಧಿ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಬೇಕೇ ಎಂಬ ತೀರ್ಮಾನಕ್ಕೆ ಇದೇ ಆಧಾರ.

ಆದರೆ ಒಂದು ಮಾತನ್ನು ಮರೆಯಬಾರದು. ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು ಸಿ.ಟಿ. ಹೇಳುತ್ತದೆ, ರೋಗ ಯಾವುದು ಎಂಬುದನ್ನು ಖಚಿತವಾಗಿ ಹೇಳುವುದು ಗೆಡ್ಡೆಯಿಂದ ತೆಗೆದ ಚೂರಿನ ಪರೀಕ್ಷೆ, ಅಂದರೆ ಬಯಾಪ್ಸಿ. ಬಾಯಿಯಿಂದಲೋ ಗುದದ್ವಾರದಿಂದಲೋ ದುರ್ಬೀನಿನ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ, ಕೊಲೊನೋಸ್ಕೋಪಿಗಳಲ್ಲಿ ಆ ಚೂರನ್ನು ತೆಗೆಯುತ್ತಾರೆ. ಒಳಪೊರೆಯಲ್ಲಿ ಆಗತಾನೆ ಮೂಡಿದ ಸಣ್ಣ ರೋಗ ಸಿ.ಟಿ.ಗೆ ಕಾಣದೆ ಹೋದರೂ ದುರ್ಬೀನಿಗೆ ಕಾಣುತ್ತದೆ. ಸಿ.ಟಿ. ಸರಿಯಿದೆಯೆಂದು ಎಂಡೋಸ್ಕೋಪಿಯನ್ನು ಬಿಟ್ಟುಬಿಡುವುದು ಅಪಾಯಕರ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ವರದಿಯಲ್ಲಿ ‘ಕರುಳಿನ ಗೋಡೆ ದಪ್ಪವಾಗಿದೆ’ ಎಂದು ಓದಿದೊಡನೆ ಮನೆಯವರು ಕೈಚೆಲ್ಲಿ ಕುಳಿತುಬಿಡುತ್ತಾರೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಕ್ಷಯರೋಗವೂ ಹೀಗೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಕ್ಷಯವು ಮಾತ್ರೆಗಳಿಂದ ಗುಣವಾಗುವ ರೋಗ. ಆದ್ದರಿಂದ ಬಯಾಪ್ಸಿಯ ಉತ್ತರ ಬರುವ ಮೊದಲೇ ಹೆದರಿ ಚಿಕಿತ್ಸೆಯನ್ನು ಕೈಬಿಡಬಾರದು.

ನಮ್ಮ ಸೀಮೆಗೆ ಸಂಬಂಧಿಸಿದ ಇನ್ನೊಂದು ಮಾತು. ಅಡಿಕೆ ನಮ್ಮ ಅನ್ನದ ಬೆಳೆ, ನಿಜ. ಆದರೆ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ವರ್ಗೀಕರಿಸಿತು. ತಂಬಾಕು ಸೇರಿದ ಎಲೆಯಡಿಕೆ ಬಾಯಿಗೆ ಮಾತ್ರವಲ್ಲ, ಅನ್ನನಾಳಕ್ಕೂ ಕೇಡು. ದಿನವೂ ಜಗಿಯುವವರು ನುಂಗುವಾಗ ತಡೆದಂತಾದರೆ ಅಲಕ್ಷಿಸಬಾರದು.

ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ ಅಥವಾ ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲಪ್ರವೃತ್ತಿ, ಮಧ್ಯವಯಸ್ಸಿನ ಮೇಲೆ ಕಾಣಿಸಿಕೊಳ್ಳುವ ರಕ್ತಹೀನತೆ, ಕಾಮಾಲೆ – ಇವುಗಳಲ್ಲಿ ಯಾವುದಿದ್ದರೂ ಮೂಲವ್ಯಾಧಿ ಎಂದೋ ಪಿತ್ತವೆಂದೋ ಕಷಾಯ ಕುಡಿದು ಕಾಲ ಕಳೆಯದೆ ತಾಲ್ಲೂಕು ಆಸ್ಪತ್ರೆಗೆ ತೋರಿಸಬೇಕು. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಘಟ್ಟ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗಬೇಕಾಗಿ ಬರಬಹುದು. ಹೋಗುವಾಗ ವರದಿಯ ಹಾಳೆಯೊಂದನ್ನೇ ಅಲ್ಲ, ಸಿ.ಟಿ.ಯ ಫಿಲ್ಮು, ಸಿ.ಡಿ. ಮತ್ತು ಬಯಾಪ್ಸಿಯ ಕಾಗದಗಳನ್ನೂ ಒಂದೇ ಚೀಲದಲ್ಲಿಟ್ಟು ಒಯ್ಯಿರಿ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸುವ ಖರ್ಚೂ, ಅದಕ್ಕಿಂತ ಬೆಲೆಬಾಳುವ ದಿನಗಳೂ ಉಳಿಯುತ್ತವೆ.