ಶರೀರಕ್ರಿಯಾಶಾಸ್ತ್ರ ಮತ್ತು ರೋಗಶಾಸ್ತ್ರದಲ್ಲಿ ಪಿಎಚ್.ಡಿ.

ಆರೋಗ್ಯವಾಗಿರುವ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದು ಶರೀರಕ್ರಿಯಾಶಾಸ್ತ್ರದ ಪ್ರಶ್ನೆ. ಆ ಕೆಲಸ ಕೆಟ್ಟಾಗ ಅಂಗಾಂಶದಲ್ಲಿ, ಜೀವಕೋಶದಲ್ಲಿ ಏನು ಬದಲಾಯಿತು ಎಂದು ಹುಡುಕುವುದು ರೋಗಶಾಸ್ತ್ರ. ಇವುಗಳಲ್ಲಿ ಎಂ.ಡಿ. ಮಾಡಲು ಎಂಬಿಬಿಎಸ್ ಮುಗಿಸಿ ಸಾಮಾನ್ಯವಾಗಿ ನೀಟ್-ಪಿಜಿ ಬರೆಯಬೇಕು. ಪಿಎಚ್.ಡಿ.ಯ ಬಾಗಿಲು ಎಂ.ಎಸ್ಸಿ. ಓದಿದವರಿಗೂ ತೆರೆದಿದೆ, ಆದರೆ ಅಲ್ಲಿ ರೋಗಿಗೆ ಚಿಕಿತ್ಸೆ ಕೊಡುವ ಅಧಿಕಾರ ಸಿಗುವುದಿಲ್ಲ, ಸಿಗುವುದು ಸಂಶೋಧನೆಯ ತರಬೇತಿ.

ಉದಾಹರಣೆಗೆ, ಚೆನ್ನೈನ ಪೆರುಂಗುಡಿಗೆ ಹೊಂದಿಕೊಂಡ ತರಮಣಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೂಲ ವೈದ್ಯವಿಜ್ಞಾನಗಳ ಸ್ನಾತಕೋತ್ತರ ಸಂಸ್ಥೆ ಇದೆ. 1942ರಿಂದ 1969ರವರೆಗೆ ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಪ್ರಸೂತಿ ತಜ್ಞ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಹೆಸರನ್ನು ಈ ಸಂಸ್ಥೆಗೆ ಇಡಲಾಗಿದೆ. ಶರೀರಕ್ರಿಯಾಶಾಸ್ತ್ರ, ರೋಗಶಾಸ್ತ್ರ, ಜೀವರಸಾಯನಶಾಸ್ತ್ರದಂಥ ವಿಭಾಗಗಳು ಅಲ್ಲಿ ಒಂದೇ ಆವರಣದಲ್ಲಿವೆ. ಸಂಶೋಧನಾ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಒಳ್ಳೆಯ ಪ್ರಶ್ನೆ ಒಂದೇ ವಿಭಾಗದ ಗೋಡೆಯೊಳಗೆ ನಿಲ್ಲುವುದು ಅಪರೂಪ.

ಅಲ್ಲಿನ ಶರೀರಕ್ರಿಯಾಶಾಸ್ತ್ರ ವಿಭಾಗದಿಂದ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಸಾಕ್ಷಿ. ಇಲಿಗಳನ್ನು ದಿನಕ್ಕೆ 4 ಗಂಟೆಯಂತೆ 30 ದಿನ 100 ಡೆಸಿಬೆಲ್ ಶಬ್ದದಲ್ಲಿ ಇರಿಸಲಾಯಿತು. ಎಂಟು ಓಣಿಗಳ ಚಕ್ರವ್ಯೂಹದಲ್ಲಿ ತಿನಿಸು ಹುಡುಕಲು ಬಿಟ್ಟಾಗ ಅವು ಹೆಚ್ಚು ತಪ್ಪು ಮಾಡಿದವು. ಅಷ್ಟಕ್ಕೇ ನಿಂತಿದ್ದರೆ ನೆನಪು ಕುಂದಿದೆ ಎಂದಷ್ಟೇ ತಿಳಿಯುತ್ತಿತ್ತು. ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಕವಲುಗಳೂ ಕಡಿಮೆಯಾಗಿದ್ದವು. ರಾಸಾಯನಿಕ ಪರೀಕ್ಷೆಯಲ್ಲಿ ಆಕ್ಸಿಡೀಕರಣದ ಒತ್ತಡ ಕಂಡಿತು. ನಡೆ, ರಚನೆ, ರಸಾಯನ ಮೂರನ್ನೂ ಒಟ್ಟಿಗೆ ಅಳೆದದ್ದರಿಂದಲೇ ಆ ಕೆಲಸಕ್ಕೆ ತೂಕ ಬಂತು.

ಪಿಎಚ್.ಡಿ.ಯ ನಿಯಮಗಳು ದೇಶಕ್ಕೆಲ್ಲ ಹೆಚ್ಚುಕಡಿಮೆ ಒಂದೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ; ಮಹಿಳೆಯರಿಗೆ ಹೆಚ್ಚುವರಿ 2 ವರ್ಷದ ಅವಕಾಶವಿದೆ. ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್ ಕಡ್ಡಾಯ. ಮಹಾಪ್ರಬಂಧವನ್ನು ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರು ಓದುತ್ತಾರೆ, ಬಳಿಕ ವೈವಾ ನಡೆಯುತ್ತದೆ. ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ.

ಈ ವಿಷಯಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಅನುಮತಿಗಳ ಬಗ್ಗೆ. ಇಲಿಯನ್ನು ಬಳಸಲು ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ರಕ್ತ, ಅಂಗಾಂಶದ ಮಾದರಿ ಬಳಸಲು ಬೇರೊಂದು ಸಮಿತಿಯ ಒಪ್ಪಿಗೆಯೂ ಮಾದರಿ ಕೊಟ್ಟವರ ಸಮ್ಮತಿಯೂ ಬೇಕು. ಒಪ್ಪಿಗೆ ಸಿಗುವ ಮುನ್ನ ಪ್ರಯೋಗ ಶುರು ಮಾಡುವಂತಿಲ್ಲ. ಆದ್ದರಿಂದ ಎಷ್ಟು ಪ್ರಾಣಿ, ಯಾವ ಗುಂಪು, ಯಾವ ಅಳತೆ ಎಂಬ ಯೋಜನೆ ಮೊದಲ ವರ್ಷದಲ್ಲೇ ಬರಹಕ್ಕೆ ಇಳಿದಿರಬೇಕು.

ಕರ್ನಾಟಕದಲ್ಲಿ ಇಂಥ ಪಿಎಚ್.ಡಿ.ಗೆ 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಬ್ರೇನ್ ಬ್ಯಾಂಕ್ ಇದೆ, ನರರೋಗಶಾಸ್ತ್ರದ ಪಿಎಚ್.ಡಿ.ಗೆ ಇಂಥ ಭಂಡಾರ ದೇಶದಲ್ಲೇ ವಿರಳ.

ಎಲ್ಲಿ ಸೇರುವುದಾದರೂ, ಗೈಡ್ ಆಗಲಿರುವವರ ಹಿಂದಿನ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು 'ಶೋಧಗಂಗಾ' ಜಾಲತಾಣದಲ್ಲಿ ಮೊದಲೇ ಓದಬೇಕು. ಅವು ಅಲ್ಲಿ ಉಚಿತವಾಗಿ ಸಿಗುತ್ತವೆ.