ಸೈಟೊಮೆಗಾಲೊವೈರಸ್ ಮತ್ತು ಸ್ಮೃತಿ ಟಿ ಕೋಶಗಳು

ಸೈಟೊಮೆಗಾಲೊವೈರಸ್ (ಸಿಎಂವಿ) ಹರ್ಪಿಸ್ ಕುಟುಂಬಕ್ಕೆ ಸೇರಿದ ಒಂದು ವೈರಾಣು. ಒಮ್ಮೆ ದೇಹವನ್ನು ಸೇರಿದ ಬಳಿಕ ಇದು ಜೀವನಪರ್ಯಂತ ಸುಪ್ತಾವಸ್ಥೆಯಲ್ಲಿ ಉಳಿಯುತ್ತದೆ. ಈ ಸುದೀರ್ಘ ಸೋಂಕಿನಿಂದ ರೋಗನಿರೋಧಕ ವ್ಯವಸ್ಥೆಯ ಸ್ಮೃತಿ ಟಿ ಕೋಶಗಳ ಪ್ರಮಾಣ ಮತ್ತು ಸ್ವರೂಪಗಳೆರಡೂ ವಯಸ್ಸಿನೊಂದಿಗೆ ಬದಲಾಗುತ್ತವೆ.

ಸುಪ್ತ ಸೋಂಕು

ಸಿಎಂವಿ ಲಾಲಾರಸ, ಮೂತ್ರ, ಎದೆಹಾಲು, ರಕ್ತ ಮೊದಲಾದ ದೇಹದ್ರವಗಳ ಮೂಲಕ ಹರಡುತ್ತದೆ. ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಬಹುಪಾಲು ವಯಸ್ಕರು ಈ ಸೋಂಕನ್ನು ಹೊಂದಿದ್ದಾರೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ರೋಗಲಕ್ಷಣಗಳು ಕಾಣಿಸುವುದಿಲ್ಲ. ಅಸ್ಥಿಮಜ್ಜೆಯ ರಕ್ತಜನಕ ಕೋಶಗಳಲ್ಲಿ ಹಾಗೂ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ವೈರಾಣು ಅಡಗಿರುತ್ತದೆ ಮತ್ತು ಆಗಾಗ್ಗೆ ಮರುಸಕ್ರಿಯಗೊಳ್ಳುತ್ತದೆ.

ಸ್ಮೃತಿಯ ಹಿಗ್ಗುವಿಕೆ

ಸಾಮಾನ್ಯವಾಗಿ ಸೋಂಕು ಗುಣವಾದ ಮೇಲೆ ಅದರ ವಿರುದ್ಧ ಹೋರಾಡಿದ ಟಿ ಕೋಶಗಳಲ್ಲಿ ಹೆಚ್ಚಿನವು ಸಾಯುತ್ತವೆ. ಅಲ್ಪ ಭಾಗ ಮಾತ್ರ ಸ್ಮೃತಿ ಕೋಶಗಳಾಗಿ ಉಳಿಯುತ್ತದೆ. ಸಿಎಂವಿಯಲ್ಲಿ ಹೀಗಾಗುವುದಿಲ್ಲ. ವೈರಾಣುವಿನ ಪ್ರತಿಜನಕಗಳು ಮತ್ತೆ ಮತ್ತೆ ಎದುರಾಗುವುದರಿಂದ ಅದರ ಕೆಲವು ಭಾಗಗಳನ್ನು ಗುರುತಿಸುವ ಟಿ ಕೋಶಗಳು ಹೆಚ್ಚುತ್ತಾ ಹೋಗುತ್ತವೆ. ಇದನ್ನು ಸ್ಮೃತಿಯ ಹಿಗ್ಗುವಿಕೆ ಎನ್ನುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸೋಂಕಿತರ ರಕ್ತದಲ್ಲಿರುವ ಸ್ಮೃತಿ ಟಿ ಕೋಶಗಳಲ್ಲಿ ಸುಮಾರು ಶೇ. 10ರಷ್ಟು ಈ ಒಂದೇ ವೈರಾಣುವಿಗೆ ಮೀಸಲಾಗಿರುತ್ತವೆ. ಕೆಲವು ವೃದ್ಧರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು.

ಹೀಗೆ ಹೆಚ್ಚಿದ ಕೋಶಗಳಲ್ಲಿ ಅನೇಕವು ಸಿಡಿ28 ಎಂಬ ಮೇಲ್ಮೈ ಪ್ರೋಟೀನನ್ನು ಕಳೆದುಕೊಂಡಿರುತ್ತವೆ. ಆದರೂ ಅವು ಎಚ್‌ಐವಿಯಂತಹ ಸೋಂಕುಗಳಲ್ಲಿ ಕಂಡುಬರುವ ನಿಶ್ಶಕ್ತ ಕೋಶಗಳಂತಲ್ಲ; ಸೋಂಕಿತ ಕೋಶಗಳನ್ನು ಕೊಲ್ಲುವ ಸಾಮರ್ಥ್ಯವನ್ನು ಉಳಿಸಿಕೊಂಡಿರುತ್ತವೆ.

ವಯಸ್ಸಿನ ಪಾತ್ರ

ಹೊಸ ಟಿ ಕೋಶಗಳು ಪಕ್ವಗೊಳ್ಳುವ ಥೈಮಸ್ ಗ್ರಂಥಿಯು ವಯಸ್ಸಾದಂತೆ ಕುಗ್ಗುತ್ತದೆ. ಇದರಿಂದ, ಯಾವ ಪ್ರತಿಜನಕವನ್ನೂ ಇನ್ನೂ ಎದುರಿಸಿರದ ಸಿಡಿ8 ಕೋಶಗಳು ಸೋಂಕಿತರಲ್ಲಿಯೂ ಸೋಂಕಿಲ್ಲದವರಲ್ಲಿಯೂ ಕಡಿಮೆಯಾಗುತ್ತವೆ. ಆದರೆ ಸಿಡಿ28 ಇಲ್ಲದ ಸಿಡಿ8 ಕೋಶಗಳ ಶೇಖರಣೆ ಮುಖ್ಯವಾಗಿ ಸಿಎಂವಿ ಸೋಂಕಿತರಲ್ಲಿ ಕಂಡುಬರುತ್ತದೆ. ಆದ್ದರಿಂದ ಕೇವಲ ಮುಪ್ಪಿನ ಫಲವೆಂದು ಭಾವಿಸಲಾಗಿದ್ದ ಕೆಲವು ಬದಲಾವಣೆಗಳು ವಾಸ್ತವವಾಗಿ ಈ ವೈರಾಣುವಿನ ಗುರುತುಗಳಾಗಿವೆ. ಅವಳಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬರಿಗೆ ಮಾತ್ರ ಸಿಎಂವಿ ಸೋಂಕಿದ್ದ ತದ್ರೂಪಿ ಅವಳಿಗಳ ಅನೇಕ ರೋಗನಿರೋಧಕ ಲಕ್ಷಣಗಳು ಪರಸ್ಪರ ಭಿನ್ನವಾಗಿದ್ದವು.

ಆರೋಗ್ಯದ ಮೇಲಿನ ಪರಿಣಾಮ

ಸ್ವೀಡನ್ನಿನ ಅತಿವೃದ್ಧರ ಅಧ್ಯಯನಗಳಲ್ಲಿ ಸಿಡಿ4 ಕೋಶಗಳಿಗಿಂತ ಸಿಡಿ8 ಕೋಶಗಳು ಹೆಚ್ಚಿರುವ ಸ್ಥಿತಿಗೂ ಸಿಎಂವಿಗೂ ಸಂಬಂಧ ಕಂಡುಬಂದಿತು. ಈ ಸ್ಥಿತಿಯಲ್ಲಿದ್ದವರಲ್ಲಿ ಮರಣದ ಪ್ರಮಾಣವೂ ಹೆಚ್ಚಿತ್ತು. ಲಸಿಕೆಗಳ ವಿಷಯದಲ್ಲಿ ಫಲಿತಾಂಶಗಳು ಒಂದೇ ರೀತಿಯಾಗಿಲ್ಲ: ಕೆಲವು ಅಧ್ಯಯನಗಳಲ್ಲಿ ಸೋಂಕಿತ ವೃದ್ಧರು ಫ್ಲೂ ಲಸಿಕೆಗೆ ದುರ್ಬಲವಾಗಿ ಸ್ಪಂದಿಸಿದರೆ, 2015ರ ಇನ್ನೊಂದು ಅಧ್ಯಯನದಲ್ಲಿ ಸೋಂಕಿತ ಯುವಜನರ ಪ್ರತಿಕ್ರಿಯೆ ಉತ್ತಮವಾಗಿತ್ತು. ಅಂಗಾಂಗ ಕಸಿಗೆ ಒಳಗಾದವರಲ್ಲಿ ರೋಗನಿರೋಧಕ ಶಕ್ತಿಯನ್ನು ಔಷಧಗಳಿಂದ ತಗ್ಗಿಸಿದಾಗ ವೈರಾಣು ಮರುಸಕ್ರಿಯಗೊಂಡು ಗಂಭೀರ ಕಾಯಿಲೆಯನ್ನು ಉಂಟುಮಾಡಬಲ್ಲದು. ವೈರಾಣುವನ್ನು ಹತೋಟಿಯಲ್ಲಿಡಲು ಈ ಟಿ ಕೋಶಗಳು ಅಗತ್ಯವೆಂಬುದನ್ನು ಇದು ತೋರಿಸುತ್ತದೆ.